ಅಜ್ಜನ ಪಾಲಿನ ಪೆಟ್ಟು

"ಸಾಕು, ನಿಲ್ಲಿಸೇ ಮಹರಾಯ್ತಿ!" ಎಂದು ಅಚ್ಯುತ ಎರಡೂ ಕೈ ಎತ್ತಿದಾಗ ಮಾಲಿನಿಯ ಕಡ್ಡಿಗಳು ಗಾಳಿಯಲ್ಲೇ ನಿಂತವು. ಸಿಂಬಲ್ಲಿನ ಕಂಚಿನ ತಟ್ಟೆಯ ಗುಂಯ್ ಎಂಬ ಸದ್ದು ಮಾತ್ರ ತಾರಸಿ ಕೋಣೆಯ ತಗಡಿನ ಸೂರಿಗೆ ತಗುಲಿ, ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿತು. ಅಚ್ಯುತನ ತಂದೆ ವೆಂಕಟರಾಮಯ್ಯನವರು ಬೇಲೂರಿನ ದೇವಸ್ಥಾನದ ಮಧ್ಯಾಹ್ನದ ಕೆಲಸ ಮುಗಿಸಿ ಬಂದು ಕೆಳಗೆ ಮಲಗುವ ಹೊತ್ತು ಅದು. ಮಗ ಕೀಬೋರ್ಡ್ ಹಿಡಿದದ್ದನ್ನು ಆ ಹಿರಿಯ ಜೀವ ಸಹಿಸಿಕೊಂಡಿತ್ತು. ನೆತ್ತಿಯ ಮೇಲೆ ಡ್ರಮ್ ಸೆಟ್ ಬಂದು ಕೂತಾಗ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುವುದನ್ನು ಕಲಿತಿತ್ತು.

ಮುಂದಿನ ಭಾನುವಾರ ಹಳೇಬೀಡಿನಿಂದ ಹುಲಿಕೆರೆಗೆ ಹೋಗುವ ದಾರಿಯ ಒಂದು ಹೊಸ ರೆಸಾರ್ಟಿನಲ್ಲಿ ಇವರ ಜಾಝ್ ಕಾರ್ಯಕ್ರಮವಿತ್ತು. ಕೀಬೋರ್ಡಿಗೆ ಅಚ್ಯುತ, ಬೇಸ್ ಗಿಟಾರಿಗೆ ಹಿತಾ, ಸ್ಯಾಕ್ಸೊಫೋನಿಗೆ ರಘು, ಡ್ರಮ್ಮಿಗೆ ಮಾಲಿನಿ. ಕೊನೆಯ ಹಾಡಿನ ನಡುವೆ ಮಾಲಿನಿಗೆ ಓಪನ್ ಸೋಲೋ ಎಂದು ಅಚ್ಯುತ ಹೇಳಿಬಿಟ್ಟಿದ್ದ. ಓಪನ್ ಸೋಲೋ ಎಂದರೆ ಉಳಿದ ಮೂವರೂ ಕೈಕಟ್ಟಿ ಕೂರುತ್ತಾರೆ. ಇಷ್ಟೇ ಹೊತ್ತು ಎಂಬ ಲೆಕ್ಕವಿಲ್ಲ, ಹೀಗೇ ಬಾರಿಸಬೇಕೆಂಬ ಕಟ್ಟಳೆಯಿಲ್ಲ, ಆ ಕ್ಷಣಕ್ಕೆ ಕೈಯಲ್ಲಿ ಏನು ಹುಟ್ಟುತ್ತದೋ ಅದು. ಮುಗಿಯಿತೆಂದು ಅವಳೇ ತಲೆ ಎತ್ತಿ ನೋಡಿದ ಮೇಲೆ ಉಳಿದವರು ಮತ್ತೆ ಸೇರಿಕೊಳ್ಳಬೇಕು. ಅರಸೀಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮಾಲಿನಿಗೆ ಇಷ್ಟು ಸ್ವಾತಂತ್ರ್ಯ ಹುಟ್ಟಿದ ಮೇಲೆ ಸಿಕ್ಕಿರಲಿಲ್ಲ. ಸಿಕ್ಕ ಕೂಡಲೇ, ಮೈಸೂರಿನಲ್ಲಿ ಬಿ.ಎಡ್. ಓದುವಾಗ ಕಲಿತದ್ದನ್ನೆಲ್ಲ ಒಂದೂ ಬಿಡದಂತೆ ಸುರಿದಿದ್ದಳು.

"ಚೆನ್ನಾಗಿರಲಿಲ್ವಾ?" ಎಂದು ಕೇಳಿದಳು.

"ಚೆನ್ನಾಗಿತ್ತು. ಎಲ್ಲಾನೂ ಚೆನ್ನಾಗಿತ್ತು, ಅದೇ ಕಷ್ಟ. ಊಟದ ಎಲೆ ಮೇಲೆ ಹದಿನಾರು ಥರ ಒಟ್ಟಿಗೇ ಬಡಿಸಿಬಿಟ್ರೆ ಯಾವುದಕ್ಕೆ ಕೈ ಹಾಕೋದು? ಒಂದು ಮಾತು ತಗೋ. ಒಂದೇ. ಅದನ್ನ ತಿರುಗಿಸು, ಬಗ್ಗಿಸು, ಮುರಿದು ಮತ್ತೆ ಜೋಡಿಸು. ಕೇಳೋರಿಗೆ ಅದರ ಗುರುತು ಹತ್ತಬೇಕು. ಆಮೇಲೆ ನೀನು ಎಲ್ಲಿಗೆ ಕರ್ಕೊಂಡು ಹೋದ್ರೂ ಹಿಂದೇನೇ ಬರ್ತಾರೆ."

"ಹಾಡಿದ್ದೇ ಹಾಡೋ ಕಿಸುಬಾಯಿದಾಸ ಅಂತಾರೆ ಆಮೇಲೆ."

"ಅಂದ್ರೆ ಅನ್ಲಿ ಬಿಡು. ಹೋದ ಸಲ ನಿನ್ನ ಎರಡು ನಿಮಿಷದ ಸೋಲೋ ಹೊತ್ತಲ್ಲೇ ಎಲ್ಲರೂ ಫೋನ್ ನೋಡ್ತಿದ್ರು. ಅದಕ್ಕಿಂತ ಇದು ವಾಸಿ ಅಲ್ವಾ?"

ಮಾಲಿನಿಯ ಮುಖ ಇಳಿಯಿತು. ನಿಜದ ಮಾತು ಎದೆಗೆ ನಾಟುತ್ತದೆ, ಅದರಲ್ಲೂ ಗೆಳೆಯರು ಹೇಳಿದರೆ. ಕೆಳಗಿನಿಂದ ಕಾಫಿ ಬಂತು. ಅವಳು ಕುಡಿದು, ಖಾಲಿ ಲೋಟವನ್ನು ಬೋರಲು ಹಾಕಿ, ಏನೋ ಯೋಚಿಸುತ್ತ ಅದರ ತಳದ ಮೇಲೆ ಬೆರಳಾಡಿಸತೊಡಗಿದಳು. ಹತ್ತಿರ ಹತ್ತಿರ ಎರಡು ಪೆಟ್ಟು, ಒಂದು ಬಿಡುವು, ದೂರದಲ್ಲೊಂದು ಪೆಟ್ಟು, ಮತ್ತೆ ಉದ್ದನೆಯ ಬಿಡುವು. ಬಸ್ಸಿಗೆ ಕಾಯುವಾಗ, ಪರೀಕ್ಷೆ ಕೋಣೆಯಲ್ಲಿ ನಿಂತಾಗ, ಹೊಟ್ಟೆನೋವಿನಲ್ಲಿ ಮಲಗಿದಾಗ ಅವಳ ಬೆರಳು ಹುಡುಕಿಕೊಂಡು ಹೋಗುವುದು ಇದನ್ನೇ.

"ಇದೆಲ್ಲಿಂದ ಬಂತು?" ಅಚ್ಯುತ ಎದ್ದು ಕೂತ.

"ಗೊತ್ತಿಲ್ಲ. ಚಿಕ್ಕಂದಿನಿಂದಲೂ ಇದೆ."

"ನಡುವೆ ಖಾಲಿ ಬಿಡ್ತೀಯಲ್ಲ, ಅದು. ಅದು ನಮ್ಮನ್ನ ಒಳಗೆ ಕರೀತಾ ಇದೆ ಕಣೇ. ಇದನ್ನೇ ತಗೋ."

ಆ ಸಂಜೆ ಅರಸೀಕೆರೆಗೆ ಹಿಂದಿರುಗುವಾಗ ಮಾಲಿನಿಗೆ ಹೊಸ ಹುರುಪು. ಆದರೆ ಅವಳ ಮನಸ್ಸಿನಲ್ಲಿ ಇದ್ದದ್ದು ರೆಸಾರ್ಟಿನ ಜನವಲ್ಲ. ಅವಳು ಡ್ರಮ್ ಹಿಡಿದು ಏಳು ವರ್ಷವಾಗಿತ್ತು. ಅಮ್ಮ ಮಂಜುಳಾ ಆಸ್ಪತ್ರೆಯ ನರ್ಸ್ ಕೆಲಸದಲ್ಲಿ ಬಿಡುವು ಮಾಡಿಕೊಂಡು ಎರಡು ಸಲ ಬಂದು ಕೇಳಿದ್ದಳು. ಅಪ್ಪ ಉಮಾಶಂಕರ್ ಒಂದು ಸಲವೂ ಬಂದಿರಲಿಲ್ಲ. ಬೇಡ ಎಂದೂ ಅಂದಿರಲಿಲ್ಲ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು ಅವರು. ಮಗಳು ಅಭ್ಯಾಸದ ರಬ್ಬರ್ ಹಲಗೆಯನ್ನು ಮೇಜಿನ ಮೇಲೆ ಇಟ್ಟಳೆಂದರೆ ಚಪ್ಪಲಿ ಮೆಟ್ಟಿಕೊಂಡು, "ಗಾಡಿ ನೋಡ್ಕೊಂಡು ಬರ್ತೀನಿ" ಎಂದು ಸ್ಟೇಷನ್ನಿಗೆ ಹೊರಟುಬಿಡುತ್ತಿದ್ದರು. ಅರಸೀಕೆರೆಯಲ್ಲಿ ಗಾಡಿಗಳಿಗೇನು ಬರವೇ? ಅವಳ ಅಭ್ಯಾಸ ಮುಗಿಯುವ ತನಕ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದು ಬರುತ್ತಿದ್ದರು.

ಇದಕ್ಕೆ ಕಾರಣ ಮಾಲಿನಿಗೆ ಅರ್ಧ ಗೊತ್ತಿತ್ತು. ಮಾದಿಹಳ್ಳಿಯಿಂದ ಒಳಗೆ ಹೋದರೆ ಸಿಗುವ ಅವರ ಊರಿನಲ್ಲಿ ಅಜ್ಜ ಗಂಗಯ್ಯ ತಮಟೆ ಬಡಿಯುತ್ತಿದ್ದರು, ಅದು ಊರಿನವರು ಕೇರಿಯ ಕೊರಳಿಗೆ ಕಟ್ಟಿದ್ದ ಕೆಲಸ. ಒಮ್ಮೆ ನೆಂಟರ ಮದುವೆಯಲ್ಲಿ ಆ ಊರಿನವನೊಬ್ಬ ಮಾಲಿನಿಯ ಸುದ್ದಿ ಕೇಳಿ, "ಹುಟ್ಟುಗುಣ ಸುಟ್ರೂ ಹೋಗಲ್ಲ ಬಿಡಿ" ಎಂದು ನಕ್ಕಿದ್ದ. ಅಪ್ಪ ಅಂದು ಊಟ ಮಾಡದೆ ಬಂದಿದ್ದರು. ಅದೆಲ್ಲ ತಿಳಿದೂ ಅವಳಿಗೆ ಅವರು ಬೇಕಿತ್ತು. ಸಾವಿರ ಜನ ಚಪ್ಪಾಳೆ ತಟ್ಟಲಿ, ಆ ಒಬ್ಬ ಮನುಷ್ಯ ಕೂತು ಕೇಳದಿದ್ದರೆ ಬಾರಿಸಿದ್ದು ಪೂರ್ತಿಯಾಗುವುದಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

ಮನೆಯಲ್ಲಿ ಅಜ್ಜಿ ಲಕ್ಕಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅಪ್ಪ ಸ್ಟೇಷನ್ನಿಗೆ ಹೋಗಿದ್ದರು. ಮಾಲಿನಿ ಒಂದು ಬೇಸಿನ್ನನ್ನು ಬೋರಲು ಹಾಕಿಕೊಂಡು ಅಜ್ಜಿಯ ಎದುರು ಕೂತು ತನ್ನ ಪೆಟ್ಟನ್ನು ಶುರು ಮಾಡಿದಳು. ಎರಡು ಸುತ್ತು ಆಗುವಷ್ಟರಲ್ಲಿ ಅಜ್ಜಿಯ ಕೈ ನಿಂತಿತು.

"ಅದ್ನ ಮನೆಯೊಳಗೆ ಬಡೀಬಾರ್ದು ಕಣವ್ವ."

"ಯಾವುದನ್ನಜ್ಜಿ?"

"ಅದೇಯ, ಈಗ ಬಡುದ್ಯಲ್ಲ. ಅದು ಹೆಣ ಎತ್ತೋ ಬಡ್ತ."

ಮಾಲಿನಿ ಬೇಸಿನ್ನಿನ ಮೇಲಿಂದ ಕೈ ತೆಗೆದಳು. ಅವಳು ನಂಬಲಿಲ್ಲ. ತಾನು ಹುಟ್ಟುವ ಹೊತ್ತಿಗೆ ಈ ಮನೆಯಲ್ಲಿ ತಮಟೆಯ ಸುಳಿವೇ ಇರಲಿಲ್ಲ, ಕೇಳದೆ ಕಲಿಯುವುದು ಹೇಗೆ? ಲಕ್ಕಮ್ಮ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ, ಹೇಳಲೋ ಬೇಡವೋ ಎಂಬಂತೆ ಬಾಗಿಲ ಕಡೆ ಒಮ್ಮೆ ನೋಡಿದಳು.

"ಹೆಣದ ಮುಂದೆ ಎಲ್ಡು ತಮಟೆ ಇರ್ತಾವೆ. ಮುಂದ್ಲುದು ಕೇಳ್ತದೆ, ಹಿಂದ್ಲುದು ಹೇಳ್ತದೆ. ಒಬ್ರು ಬಿಟ್ಟ ಜಾಗದಾಗೆ ಇನ್ನೊಬ್ರು ಬಡೀಬೇಕು. ಮುಂದ್ಲುದು ನಿಮ್ಮಜ್ಜಂದು. ನೀನು ಬಡುದಿದ್ದು ಹಿಂದ್ಲುದು. ಅದು ನಿಮ್ಮಪ್ಪಂದು."

"ಅಪ್ಪ ತಮಟೆ ಬಡೀತಿದ್ರಾ!"

"ಹೂಂ ಮತ್ತೆ. ಎಸ್ಸೆಲ್ಸಿ ಮುಗಿಯೋಗಂಟ ಅಪ್ಪನ ಹಿಂದೆ ಹಿಂದೇನೇ. ಇಬ್ರೂ ನಿಂತ್ರೆ ಊರೇ ನೋಡ್ತಿತ್ತು."

ಆಮೇಲಿನದನ್ನು ಅಜ್ಜಿ ಅಲ್ಲೊಂದು ಇಲ್ಲೊಂದು ಮಾತಾಗಿ ಹೇಳಿದಳು. ಉಮಾಶಂಕರ್‌ಗೆ ಕೆಲಸ ಸಿಕ್ಕಿದ ವರ್ಷ ಕೇರಿಯ ಹುಡುಗರೆಲ್ಲ ಸೇರಿ, ಇನ್ನು ಯಾರ ಮನೆ ಸಾವಿಗೂ ನಮ್ಮವರು ತಮಟೆ ಬಡಿಯುವುದಿಲ್ಲ ಎಂದು ಆಣೆ ಇಟ್ಟರು. ಊರು ಹರಿಹಾಯ್ದರೂ ಹುಡುಗರು ಜಗ್ಗಲಿಲ್ಲ. ಗಂಗಯ್ಯನವರೂ ಮಗನ ಮಾತಿಗೆ ತಲೆಬಾಗಿ ತಮಟೆಯನ್ನು ಅಟ್ಟಕ್ಕೆ ಹಾಕಿದರು. ಹತ್ತು ವರ್ಷದ ಮೇಲೆ ಅವರು ತೀರಿಕೊಂಡಾಗ ನೆಂಟರೂರಿನಿಂದ ಇಬ್ಬರು ತಮಟೆ ಕಾಯಿಸಿಕೊಂಡು ಬಂದರು. ನಮ್ಮ ಗಂಗಣ್ಣನಿಗೆ ನಾವಾಗಿ ಬಡಿಯುತ್ತೇವೆ, ಇದು ಯಾರ ಚಾಕರಿಯೂ ಅಲ್ಲ ಎಂದರು. ಉಮಾಶಂಕರ್ ಕೇರಿಯ ಬಾಯಲ್ಲೇ ನಿಂತು ಕೈಮುಗಿದು ಅವರನ್ನು ವಾಪಸು ಕಳಿಸಿದರು. ಇವತ್ತು ನಮ್ಮಪ್ಪನಿಗೆ ಬಡಿದರೆ ನಾಳೆ ಊರಿನವರು ತಮಗೂ ಬಡಿ ಅನ್ನುತ್ತಾರೆ ಎಂಬುದು ಅವರ ಲೆಕ್ಕ.

"ಊರೋರ ಹೆಣಕ್ಕೆಲ್ಲ ಬಡುದೋರು ನಿಮ್ಮಜ್ಜ," ಎಂದಳು ಲಕ್ಕಮ್ಮ. "ಅವರು ಹೊಂಟಾಗ ಕಾಲಿನ ಸದ್ದು ಬಿಟ್ರೆ ಏನೂ ಇರ್ನಿಲ್ಲ. ಆಗ ನೀನು ಮೂರು ತಿಂಗಳ ಕೂಸು. ತಿಥಿ ಮುಗಿಯೋಗಂಟ ಒಂದೇ ಸಮ ಅಳ್ತಿದ್ದೆ. ನಿಮ್ಮಪ್ಪ ನಿನ್ನ ಹೆಗಲ ಮ್ಯಾಲೆ ಹಾಕ್ಕಂಡು ಬೆನ್ನು ತಟ್ಟೋನು. ನಾನು ಒಲೆ ಮುಂದೆ ಕುಂತು ಕೇಳಿಸ್ಕಂತಿದ್ದೆ. ತಟ್ತಿದ್ದುದು ಅದ್ನೇಯ."

"ನೀನು ಏನೂ ಅನ್ಲಿಲ್ವಾ?"

"ಏನಂತ ಅನ್ಲಿ? ಅವನಿಗೇ ಗೊತ್ತಿರ್ನಿಲ್ವೇನೋ. ಕೈಗೆ ಗೊತ್ತಿತ್ತು."

ಮಾಲಿನಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಇಷ್ಟು ವರ್ಷ ಎಲ್ಲಿಂದ ಬಂತೆಂದು ತಿಳಿಯದೆ ಯಾವುದನ್ನು ಬೆರಳಲ್ಲಿ ಇಟ್ಟುಕೊಂಡಿದ್ದಳೋ ಅದು ಜೋಗುಳವೂ ಹೌದು, ಹೆಣದ ಬಡಿತವೂ ಹೌದು. ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸುತ್ತ ಕೇಳಿದಳು, "ಮುಂದಿಂದು ಹೇಗಿತ್ತಜ್ಜಿ? ಅಜ್ಜಂದು?"

"ಕೈಯಾಗಿರೋದು ಬಾಯಾಗೆ ಬತ್ತದಾ? ನಂಗೆ ಬರಾಕಿಲ್ಲ. ಬಲ್ಲೋರು ಇಬ್ರೇಯ. ಒಬ್ರು ಹೋದ್ರು." ಅಜ್ಜಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. "ಒಂದು ನೆಪ್ಪೈತೆ. ಅರ್ಧ ದಾರಿಯಾಗೆ ಹೆಣ ಇಳುಸ್ತಾರೆ ನೋಡು, ಆಗ ತಮಟೆ ಗಪ್ಪಂತ ನಿಲ್ಬೇಕು. ಯಾರೂ ಮಾತಾಡಾಂಗಿಲ್ಲ. ಎತ್ತಿದ ಮ್ಯಾಲೆ ಬಡ್ತ ಸಣ್ಣಕೆ ಸುರುವಾಯ್ತದೆ. ಅಲ್ಲಿಂದಾಚೆಗೆ ಅಳಬಾರ್ದು ಅಂತಿದ್ರು ನಿಮ್ಮಜ್ಜ."

ಆ ವಾರವೆಲ್ಲ ಮಾಲಿನಿ ಆ ಪೆಟ್ಟನ್ನು ಮುಟ್ಟಲಿಲ್ಲ. ಶಾಲೆಯಲ್ಲಿ ಮೇಜಿನ ಮೇಲೆ ಬೆರಳು ಹೋದರೆ ತಟ್ಟನೆ ಹಿಂದೆ ತೆಗೆದುಕೊಳ್ಳುತ್ತಿದ್ದಳು. ಹೆಣದ ಬಡಿತವನ್ನು ಬೋಂಡ ತಿನ್ನುತ್ತ ಕೂತ ಪ್ರವಾಸಿಗರ ಮುಂದೆ ಬಾರಿಸುವುದೆಂದರೆ ಅಜ್ಜನನ್ನು ಮತ್ತೆ ಯಾರದೋ ಅಂಗಳದಲ್ಲಿ ನಿಲ್ಲಿಸಿದಂತೆ. ಅಪ್ಪ ಮರ್ಯಾದೆಗಾಗಿ ಬಿಟ್ಟು ಬಂದದ್ದನ್ನು ಮಗಳು ಸ್ಕೂಟರಿನಲ್ಲಿ ವಾಪಸು ಒಯ್ಯುವುದೇ? ಬೇಡ ಎಂದು ಗಟ್ಟಿ ಮನಸ್ಸು ಮಾಡಿದಳು. ಅಚ್ಯುತನಿಗೂ, "ಅದು ಬೇಡ, ಬೇರೆ ಏನಾದ್ರೂ ಮಾಡ್ತೀನಿ" ಎಂದು ಫೋನಿನಲ್ಲಿ ಹೇಳಿದಳು.

ಭಾನುವಾರ ಬೆಳಿಗ್ಗೆ ಅವಳು ಹೆಲ್ಮೆಟ್ ಒರೆಸುತ್ತಿದ್ದಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹಳೇಬೀಡಲ್ಲಿ ನಮ್ಮ ಹೊನ್ನಯ್ಯ ಇದಾನೆ. ಅವನ್ನ ಮಾತಾಡಿಸಿ ಬಹಳ ದಿನ ಆಯ್ತು. ನೀನೂ ಆ ಕಡೆಗೇ ಹೋಗ್ತೀಯಲ್ಲ."

"ಬನ್ನಿ ಅಪ್ಪ," ಎಂದಳು ಮಾಲಿನಿ. ಬೇರೆ ಏನಾದರೂ ಅಂದರೆ ಅವರು ಒಳಗೆ ಹೋಗಿಬಿಟ್ಟಾರು ಎಂದು ಅವಳಿಗೆ ಭಯ. ಒಳಗೆ ಲಕ್ಕಮ್ಮ ಯಾರಿಗೂ ಕಾಣದಂತೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಇದು ಅವಳದೇ ಕಿತಾಪತಿ ಎಂದು ಹೇಳಬೇಕಾಗಿಯೇ ಇರಲಿಲ್ಲ.

ಸ್ಕೂಟರಿನಲ್ಲಿ ಉಮಾಶಂಕರ್ ಹಿಂದಿನ ಕಂಬಿ ಹಿಡಿದು ನೆಟ್ಟಗೆ ಕೂತರು. ಗುಂಡಿ ಬಂದರೂ ಮಗಳ ಹೆಗಲಿಗೆ ಕೈ ಹಾಕಲಿಲ್ಲ. ಜಾವಗಲ್ ದಾಟಿದರು. ಹಳೇಬೀಡು ಬಂದಾಗ ಮಾಲಿನಿ ನಿಧಾನ ಮಾಡಿದಳು, ಆದರೆ ಹೊನ್ನಯ್ಯನ ಮನೆಯ ತಿರುವು ಎಲ್ಲಿ ಎಂದು ಅಪ್ಪ ಹೇಳಲಿಲ್ಲ, ಅವಳು ಕೇಳಲಿಲ್ಲ. ಸ್ಕೂಟರು ತನ್ನಷ್ಟಕ್ಕೆ ತಾನೇ ಹೋಗುವಂತೆ ಹುಲಿಕೆರೆಯ ದಾರಿ ಹಿಡಿಯಿತು.

ರೆಸಾರ್ಟಿನ ಹುಲ್ಲಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ಮೇಜುಗಳು, ಮಧ್ಯಾಹ್ನದ ಊಟ ಮುಗಿಸಿ ತೂಕಡಿಸುತ್ತಿದ್ದ ಜನ. ಹಿತಾ ಓಡಿಬಂದು, "ಅಂಕಲ್, ಮುಂದೆ ಬನ್ನಿ" ಎಂದು ಕರೆದಳು. ಉಮಾಶಂಕರ್ ಕೊನೆಯ ತೆಂಗಿನ ಮರದ ಕೆಳಗಿದ್ದ ಮೇಜನ್ನೇ ಆರಿಸಿಕೊಂಡರು. ನೀರಿನ ಲೋಟವನ್ನು ಎದುರಿಗಿಟ್ಟುಕೊಂಡು, ಕೌಂಟರಿನಲ್ಲಿ ಕೂತಂತೆ ಕೂತರು.

ಮೊದಲ ಹಾಡುಗಳು ಚೆನ್ನಾಗಿಯೇ ಹೋದವು. ಕೊನೆಯದರ ನಡುವೆ ಸ್ಯಾಕ್ಸೊಫೋನು ಇಳಿಯಿತು, ಬೇಸ್ ನಿಂತಿತು, ಅಚ್ಯುತ ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಾಲಿನಿ ಒಬ್ಬಳೇ ಉಳಿದಳು. ತಾನು ಯೋಚಿಸಿಟ್ಟುಕೊಂಡಿದ್ದ ಒಂದು ಚುರುಕಿನ ನುಡಿಯಿಂದ ಶುರು ಮಾಡಿ, ಸ್ನೇರ್ ಎಂಬ ಚಿಕ್ಕ ಡ್ರಮ್ಮಿನಿಂದ ಸಿಂಬಲ್ಲಿಗೆ, ಅಲ್ಲಿಂದ ಕೆಳಗಿನ ದೊಡ್ಡ ಡ್ರಮ್ಮಿಗೆ ಓಡಿದಳು. ಕೈ ತಪ್ಪಲಿಲ್ಲ. ಆದರೆ ಮುಂದಿನ ಮೇಜಿನ ಹೆಂಗಸು ಫೋನು ಎತ್ತಿಕೊಂಡದ್ದು ಕಂಡಿತು. ಯಾರೋ ಬಿಲ್ಲು ತರಲು ಹೇಳಿದರು. ಅಪ್ಪ ಲೋಟ ನೋಡುತ್ತಿದ್ದರು. ಅವರು ಈಗ ಗಾಡಿ ನೋಡಲು ಎದ್ದು ಹೋಗುತ್ತಾರೆ ಎಂದು ಮಾಲಿನಿಗೆ ಅನ್ನಿಸಿತು. ಏಳು ವರ್ಷ ಕಾದದ್ದು ಇಷ್ಟಕ್ಕೇ. ಅವಳು ನಿಲ್ಲಿಸಿಬಿಟ್ಟಳು.

ಅಚ್ಯುತ ಹುಬ್ಬು ಹಾರಿಸಿದ. ಅವಳು ತಲೆ ಎತ್ತಿ ಸನ್ನೆ ಕೊಡಲಿಲ್ಲ. ಕಡ್ಡಿಗಳನ್ನು ತೊಡೆಯ ಮೇಲೆ ಇಟ್ಟಳು. ಆಗ ಅವಳ ಬರಿಗೈ, ಯಾರನ್ನೂ ಕೇಳದೆ, ಪಕ್ಕದ ಮೂರು ಕಾಲಿನ ಡ್ರಮ್ಮಿನ ಮೇಲೆ ಹೋಯಿತು. ಹತ್ತಿರ ಹತ್ತಿರ ಎರಡು ಪೆಟ್ಟು. ಬಿಡುವು. ದೂರದಲ್ಲೊಂದು. ಮತ್ತೆ ಉದ್ದನೆಯ ಬಿಡುವು.

ಒಮ್ಮೆ ಶುರುವಾದ ಮೇಲೆ ಬಿಡುವುದು ಅವಳ ಕೈಯಲ್ಲಿರಲಿಲ್ಲ. ಅದನ್ನೇ ಮತ್ತೆ, ಮತ್ತೆ. ಗುರುತು ಹತ್ತುವ ತನಕ ಏನೂ ಬದಲಿಸಲಿಲ್ಲ. ಆಮೇಲೆ ಕಡ್ಡಿ ಎತ್ತಿಕೊಂಡು ಒಂದು ಪೆಟ್ಟನ್ನು ಸ್ನೇರಿನ ಅಂಚಿಗೆ ಒಯ್ದಳು, ಒಂದನ್ನು ಕಡ್ಡಿಯ ಹಿಂಬದಿಯಿಂದ ಕೊಟ್ಟಳು. ಪೆಟ್ಟು ಜಾಗ ಬದಲಿಸಿದರೂ ಬಿಡುವು ಮಾತ್ರ ಅಲ್ಲಲ್ಲೇ ಇತ್ತು. ಇಷ್ಟು ದಿನ ಆ ಬಿಡುವು ಅವಳಿಗೆ ಸುಮ್ಮನೆ ಖಾಲಿ ಜಾಗವಾಗಿತ್ತು. ಈಗ ಅಲ್ಲಿ ತನಗೆ ನೆನಪೇ ಇಲ್ಲದ ಅಜ್ಜ ನಿಂತಿದ್ದರು. ಅವರ ಪೆಟ್ಟು ಕೇಳುವುದಿಲ್ಲ ಎಂದು ಗೊತ್ತಿದ್ದೂ ಪ್ರತಿ ಸುತ್ತಿನಲ್ಲೂ ಅವರಿಗಾಗಿ ಕಾದಳು. ಕಾಯುವುದನ್ನು ಹಿಗ್ಗಿಸಿದಳು, ಸದ್ದನ್ನು ತಗ್ಗಿಸಿದಳು. ಫೋನು ಹಿಡಿದ ಹೆಂಗಸು ಅದನ್ನು ಮೇಜಿನ ಮೇಲೆ ಇಟ್ಟಳು.

ಆಗ ಉಮಾಶಂಕರ್ ಎದ್ದು ನಿಂತರು.

ಮಾಲಿನಿಗೆ ಅದು ಕಂಡಿತು. ಹೋಗುತ್ತಾರೆ ಎಂದುಕೊಂಡಳು. ಹೋದರೂ ಇದನ್ನು ನಡುದಾರಿಯಲ್ಲಿ ಬಿಡುವಂತಿರಲಿಲ್ಲ. ಅವರು ಹೋಗಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಎರಡೂ ಕೈಯನ್ನು ಪಕ್ಕಕ್ಕೆ ಇಳಿಬಿಟ್ಟು ತೆಂಗಿನ ಮರದ ಕೆಳಗೆ ನಿಂತೇ ಇದ್ದರು, ಯಾರನ್ನೋ ಕಳಿಸಿಕೊಡಲು ಬಂದವರ ಹಾಗೆ. ಬಡಿತ ಏರಿತು, ಕಾಲಿನಿಂದ ಒತ್ತಿ ಬಾರಿಸುವ ದೊಡ್ಡ ಡ್ರಮ್ಮು ಸೇರಿಕೊಂಡಿತು, ಹೆಜ್ಜೆಯ ಮೇಲೆ ಹೆಜ್ಜೆ ಬಂತು. ಅರ್ಧ ದಾರಿ ಬಂತೆಂದು ಅವಳಿಗೆ ಹೇಗೆ ತಿಳಿಯಿತೋ, ಗಪ್ಪನೆ ನಿಲ್ಲಿಸಿದಳು.

ಅಚ್ಯುತನ ಕೈ ಕೀಬೋರ್ಡಿನ ತನಕ ಹೋಗಿ, ಏನನ್ನಿಸಿತೋ, ಹಿಂದೆ ಬಂತು. ಯಾರೂ ಮಾತಾಡಲಿಲ್ಲ. ಕೆರೆಯ ಕಡೆಯಿಂದ ಟಿಟ್ಟಿಭ ಹಕ್ಕಿಯೊಂದು ಕೂಗಿಕೊಂಡು ಹೋಯಿತು. ಮಾಲಿನಿ ತಡೆಯಬಲ್ಲಷ್ಟು ಹೊತ್ತು ತಡೆದಳು. ಆಮೇಲೆ ಮತ್ತೆ ಬರಿಗೈಯಲ್ಲಿ, ಮಲಗಿದ ಕೂಸಿಗೆ ಎಚ್ಚರವಾದೀತು ಎಂಬಂತೆ, ಸಣ್ಣಕೆ ಶುರು ಮಾಡಿದಳು. ಪೆಟ್ಟುಗಳು ಒಂದಕ್ಕೊಂದು ದೂರವಾಗುತ್ತ ಹೋದವು. ಕೊನೆಯದು ಯಾವುದೆಂದು ಅವಳಿಗೂ ತಿಳಿಯಲಿಲ್ಲ. ತಲೆ ಎತ್ತಿದಾಗ ಹಿತಾ ಕಣ್ಣೊರೆಸಿಕೊಂಡು ಬೇಸ್ ಗಿಟಾರಿನ ತಂತಿ ಮೀಟಿದಳು.

ಚಪ್ಪಾಳೆ ತಡವಾಗಿ ಬಂತು, ಬಂದ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ. ಫೋನಿನ ಹೆಂಗಸು ಹತ್ತಿರ ಬಂದು, "ಮನಸ್ಸಿಗೆ ಎಷ್ಟು ಆರಾಮಾಯ್ತು ಗೊತ್ತಾ! ಯಾವ ದೇಶದ ತಾಳ ಇದು?" ಎಂದು ಕೇಳಿದಳು. "ಇಲ್ಲೇ ಮಾದಿಹಳ್ಳಿ ಕಡೇದು" ಎಂದಳು ಮಾಲಿನಿ. ಹೆಂಗಸು ತಮಾಷೆ ಎಂದುಕೊಂಡು ನಕ್ಕಳು. ಅಪ್ಪ ಗೇಟಿನ ಹತ್ತಿರ ಆಗಲೇ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು.

ಹೊರಟಾಗ ಬಿಸಿಲು ಇಳಿಯುತ್ತಿತ್ತು. ಅಪ್ಪ ಮತ್ತೆ ಹಿಂದಿನ ಕಂಬಿಯನ್ನೇ ಹಿಡಿದಿದ್ದರು. ಹಳೇಬೀಡಿನ ಸರ್ಕಲ್ಲಿನಲ್ಲಿ ಮಾಲಿನಿ ಕೇಳಿದಳು, "ಹೊನ್ನಯ್ಯ ಅಂಕಲ್ ಮನೆಗೆ ಹೋಗೋಣ್ವಾ?"

"ಇನ್ನೊಂದ್ಸಲ."

ಊರು ಹಿಂದಾಯಿತು. ರಸ್ತೆಯ ಎರಡೂ ಕಡೆ ರಾಗಿ ಕೊಯ್ದ ಹೊಲಗಳು, ಆಚೆಗೆ ತೆಂಗಿನ ತೋಟಗಳು. ಹಿಂದಿನಿಂದ ಮಾತು ಬಂತು. ಗಾಳಿಯಲ್ಲಿ ಸರಿಯಾಗಿ ಕೇಳಲೆಂದು ಮಾಲಿನಿ ವೇಗ ಇಳಿಸಿದಳು.

"ಅಜ್ಜಿ ಹೇಳಿದ್ಲಾ?"

"ಹೂಂ."

"ಅವತ್ತು ನಾನು ಮಾಡಿದ್ದು ತಪ್ಪಲ್ಲ ಮಗಾ."

"ಗೊತ್ತಪ್ಪ."

"ಇವತ್ತಾದ್ರೂ ಅದನ್ನೇ ಮಾಡ್ತಿದ್ದೆ."

"ಗೊತ್ತು."

ಒಂದು ಹಾಲಿನ ವ್ಯಾನು ಎದುರಿನಿಂದ ಬಂದು ಹೋಯಿತು.

"ಆದರೆ ಅದು ಒಬ್ಬರು ಬಡಿಯೋದಲ್ಲ ಕಣೇ," ಎಂದರು ಉಮಾಶಂಕರ್. "ನೀನು ಅಲ್ಲಿ ಒಬ್ಬಳೇ ಇದ್ದೆ."

ಅವರು ಕಂಬಿ ಬಿಟ್ಟದ್ದು ಮಾಲಿನಿಗೆ ಸ್ಕೂಟರಿನ ಓಲಾಟದಲ್ಲೇ ಗೊತ್ತಾಯಿತು. ಅವಳ ಬೆನ್ನಿನ ಮೇಲೆ, ಎರಡು ಹೆಗಲಿನ ನಡುವೆ, ಒಂದು ಅಂಗೈ ಬಂದು ಕೂತಿತು. ಸ್ವಲ್ಪ ಹೊತ್ತು ಅಲುಗಲಿಲ್ಲ. ಆಮೇಲೆ ಬೆರಳು ಎದ್ದವು. ಮೊದಲು ತಡವರಿಸಿದವು, ಒಂದು ಪೆಟ್ಟು ತಪ್ಪಿ ನಿಂತವು, ಮತ್ತೆ ಮೊದಲಿನಿಂದ ಶುರುವಾದವು. ಅವಳಿಗೆ ಗೊತ್ತಿದ್ದದ್ದು ಅದಾಗಿರಲಿಲ್ಲ. ಅವಳು ಯಾವಾಗಲೂ ಖಾಲಿ ಬಿಡುತ್ತಿದ್ದ ಜಾಗದಲ್ಲೇ ಪೆಟ್ಟುಗಳು ಒಂದೊಂದಾಗಿ ಬಂದು ಬೀಳುತ್ತಿದ್ದವು.

ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಮಾಲಿನಿ ಎಡಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟಳು. ಧೂಳು ಇಳಿಯುವ ತನಕ ಕಾದು, ಎಡಗೈಯ ಬೆರಳುಗಳನ್ನು ಬ್ರೇಕಿನಿಂದ ಎತ್ತಿ, ಹ್ಯಾಂಡಲಿನ ಮೇಲೆ ತನ್ನ ಪಾಲಿನದನ್ನು ಶುರು ಮಾಡಿದಳು.